ಹಳೇದಾದ್ರೆ ಕೊಡು

2025ರ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂದಿತ್ತು. ಬೈಕು ತೊಳೆದು, ಕಾರಿನ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಮಿಕ್ಸಿ, ಫ್ರಿಜ್ಜು, ವಾಷಿಂಗ್ ಮಷೀನಿಗೆಲ್ಲ ಕುಂಕುಮ ಹಚ್ಚಿ ಆದಮೇಲೆ ಉಳಿದದ್ದು ನನ್ನ ಕಂಪ್ಯೂಟರು. ಸೇವಂತಿಗೆ ಹಿಡಿದುಕೊಂಡು ರೂಮಿಗೆ ಹೊರಟವನನ್ನು ಹೆಂಡತಿ ತಡೆದಳು.

"ಪೂಜೆ ಮಾಡೋಕೆ ಮುಂಚೆ ಅದರ ಧೂಳಾದ್ರೂ ಹೊಡೀರಿ. ಬೈಕಿಗೆ ಶಾಂಪೂ ಹಾಕಿ ತೊಳೀತೀರ, ಇದನ್ನ ಒಂದು ದಿನಾನೂ ಮುಟ್ಟಲ್ಲ."

ಸರಿ ಅಂತ ಸ್ಕ್ರೂಡ್ರೈವರ್ ತಂದು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿದೆ. ಒಳಗೆ ಒಂದು ದಿಂಬು ಹೊಲಿಸುವಷ್ಟು ಧೂಳಿನ ಅರಳೆ. ಹೀಟ್‌ಸಿಂಕಿನ ತಗಡುಗಳ ನಡುವೆ ಒಂದು ಹಲ್ಲಿಮರಿ ಒಣಗಿ ಹಪ್ಪಳವಾಗಿತ್ತು. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟು ವಿಭೂತಿಯ ಹಾಗೆ ಉದುರಿತು. ಇದು ಇಷ್ಟು ದಿನ ಹೇಗೆ ಉಸಿರಾಡುತ್ತಿತ್ತೋ ಅಂದುಕೊಂಡು ಬ್ರಷ್ಷಿನಲ್ಲಿ ಧೂಳು ಹೊಡೆಯುತ್ತಿರುವಾಗ ವಾಟ್ಸಾಪಿನಲ್ಲಿ ತಮ್ಮನ ಫೋಟೋ ಬಂತು.

ತಮ್ಮ ಇರುವುದು ತಿಪಟೂರಿನ ಹತ್ತಿರದ ನಮ್ಮೂರಿನಲ್ಲಿ. ಫೋಟೋದಲ್ಲಿ ಟಿಲ್ಲರು, ಮೋಟರಿನ ಸ್ಟಾರ್ಟರ್ ಡಬ್ಬಿ, ಮಚ್ಚು, ಕುಡುಗೋಲು ಎಲ್ಲ ಹೂವು ಮುಡಿದು ಕೂತಿದ್ದವು. ಮೂಲೆಯಲ್ಲಿ ಅವನ ಕಂಪ್ಯೂಟರು. ಅದಕ್ಕೂ ಒಂದು ಸೇವಂತಿಗೆ.

"ಪೂಜೆ ಆಯ್ತು. ನಿಂದು?"

ನಾನು ಹೊಟ್ಟೆ ಬಗೆದುಕೊಂಡು ಬಿದ್ದಿದ್ದ ನನ್ನ ಯಂತ್ರದ ಫೋಟೋ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಇನ್ನೂ ಅದೇನಾ? ಬದ್ಲಾಯ್ಸಣ್ಣ."

ಎರಡು ವರ್ಷದಿಂದ ಅವನು ಕಂಪ್ಯೂಟರಿನ ಮಾತೇ ಎತ್ತಿರಲಿಲ್ಲ.

ನನ್ನ ಕಂಪ್ಯೂಟರು ಕಟ್ಟಿಸಿದ್ದು 2016ರ ನವೆಂಬರ್ 5, ಶನಿವಾರ. ದಿನಾಂಕ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ, ಅದಾದ ಮೂರನೇ ದಿನ ನೋಟು ರದ್ದಾಯಿತು. ಎಸ್ಪಿ ರೋಡಿನ ಅಂಗಡಿಯ ಕೌಂಟರಿನ ಮೇಲೆ ಐನೂರು, ಸಾವಿರದ ನೋಟುಗಳನ್ನೇ ಎಣಿಸಿ ಇಟ್ಟು ಬಂದಿದ್ದೆ. ಆಮೇಲೆ ಬ್ಯಾಂಕಿನ ಕ್ಯೂನಲ್ಲಿ ನಿಂತು ಆ ಅಂಗಡಿಯವನು ನನ್ನನ್ನು ಎಷ್ಟು ಬೈದುಕೊಂಡನೋ. ಇಂಟೆಲ್ ಐ5-6500 ಪ್ರೊಸೆಸರು, ಎಚ್110 ಮದರ್‌ಬೋರ್ಡು, 8 ಜಿಬಿಯ ಒಂದೇ ಒಂದು ರ‍್ಯಾಮ್ ಕಡ್ಡಿ, 450 ವಾಟಿನ ಪವರ್ ಸಪ್ಲೈ, ಮತ್ತೆ ಮಾರುಕಟ್ಟೆಗೆ ಬಂದು ಎರಡು ವಾರ ಕೂಡ ಆಗಿರದಿದ್ದ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡು. ಕೆಲಸಕ್ಕೆ ಸೇರಿ ಐದು ವರ್ಷದ ಮೇಲೆ ನನಗೋಸ್ಕರ ಅಂತ ಮಾಡಿದ ಮೊದಲನೇ ದೊಡ್ಡ ಖರ್ಚು. 2020ರಲ್ಲಿ ಒಂದು ಎಸ್‌ಎಸ್‌ಡಿ ಹಾಕಿಸಿದ್ದು ಬಿಟ್ಟರೆ ಒಂಬತ್ತು ವರ್ಷ ಅದಕ್ಕೆ ಬೇರೇನೂ ಮಾಡಿರಲಿಲ್ಲ.

ಈಗ ಅದರ ಕಾಲ ಮುಗಿಯುತ್ತಿರುವುದಕ್ಕೆ ಎಲ್ಲ ಕಡೆಯಿಂದಲೂ ನೋಟಿಸು ಬಂದಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುವ ಬೆಂಬಲ ಅಕ್ಟೋಬರ್ 14ಕ್ಕೆ ಕೊನೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಬೇಕು, ನನ್ನದು ಆರನೆಯದು. ಕಾರ್ಡಿಗೂ ಅದೇ ತಿಂಗಳು ಗ್ರಹಚಾರ: 1050 ಟಿಐ ಸೇರಿದ ಪ್ಯಾಸ್ಕಲ್ ತಲೆಮಾರಿಗೆ ಹೊಸ ಗೇಮ್ ಡ್ರೈವರ್‌ಗಳು ಅಕ್ಟೋಬರಿಗೇ ನಿಲ್ಲುತ್ತವೆ, ಇನ್ನು ಮೂರು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಅಂತ ಎನ್ವಿಡಿಯಾ ಹೇಳಿತ್ತು. ಇವೆಲ್ಲಕ್ಕಿಂತ ಮುಂಚೆ ನನಗೆ ಬಿಸಿ ಮುಟ್ಟಿಸಿದ್ದು ಕೌಂಟರ್ ಸ್ಟ್ರೈಕ್. 2023ರ ಸೆಪ್ಟೆಂಬರ್ 27ರಂದು ಸಿಎಸ್‌ಗೋ ಇದ್ದ ಜಾಗಕ್ಕೆ ಸಿಎಸ್2 ಬಂತು. ಹಳೇ ಆಟ ನನ್ನ ಯಂತ್ರದಲ್ಲಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಹೊಸದರಲ್ಲಿ ಯಾರಾದರೂ ಹೊಗೆಯ ಬಾಂಬು ಎಸೆದರೆ ಸಾಕು, ಪರದೆ ತಡವರಿಸಲು ಶುರು. ಹೊಗೆ ಆರಿ ನೋಡಿದರೆ ನಾನು ಸತ್ತಿರುತ್ತಿದ್ದೆ.

ನಲವತ್ತು ಸಾವಿರ ರೂಪಾಯಿ ಇಟ್ಟುಕೊಂಡಿದ್ದೆ. ಎಲ್ಲ ಒಟ್ಟಿಗೆ ಬದಲಾಯಿಸಲು ಅದು ಸಾಲದು. ಹಾಗಾದರೆ ಮೊದಲು ಯಾವುದು?

ಆಫೀಸಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಗ್ರಾಫಿಕ್ಸ್ ಕಾರ್ಡ್ ಹಾಕು ಮಗಾ. ಈ ಮಾತು ಕೇಳಿದಾಗೆಲ್ಲ ನನಗೆ ನಮ್ಮ ಪಕ್ಕದ ತೋಟದವರ ಮೋಟರು ನೆನಪಾಗುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅವರು ಐದು ಎಚ್‌ಪಿ ಮೋಟರು ತೆಗೆದು ಏಳೂವರೆ ಎಚ್‌ಪಿಯದು ಇಳಿಸಿದರು. ಊರಿನವರೆಲ್ಲ ಹೋಗಿ ನೋಡಿ ಬಂದೆವು. ಮೊದಲನೇ ಅರ್ಧ ಗಂಟೆ ನೀರು ಧುಮ್ಮಿಕ್ಕಿತು, ಆಮೇಲೆ ಕೆಮ್ಮಲು ಶುರು ಮಾಡಿತು. ಹದಿನೈದು ದಿನಕ್ಕೆ ಮೋಟರು ಸುಟ್ಟು ರಿವೈಂಡಿಂಗಿಗೆ ಹೋಯಿತು. ಅಪ್ಪ ಮನೆಗೆ ಬಂದು ಕಾಲು ತೊಳೆಯುತ್ತಾ ಅಂದಿದ್ದರು, "ಕೆಳಗೆ ಇರೋದೇ ಒಂದೂವರೆ ಇಂಚು ನೀರು. ಮೋಟ್ರು ದೊಡ್ಡದು ಮಾಡಿದ್ರೆ ನೀರು ಎಲ್ಲಿಂದ ಹುಟ್ತದೆ? ಗಾಳಿ ಎಳೀತದೆ ಅಷ್ಟೇ."

ಬಿ.ಇ.ಯಲ್ಲಿ ಇದನ್ನೇ ಬಾಟಲ್‌ನೆಕ್ ಅಂತ ಒಂದು ಸೆಮಿಸ್ಟರ್ ಓದಿದೆ. ಆಟ ಓಡುವಾಗ ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಎಲ್ಲಿಗೆ ಹೋಯಿತು, ಏನೇನು ಬರೆಯಬೇಕು ಅಂತ ಲೆಕ್ಕ ಹಾಕುವುದು ಪ್ರೊಸೆಸರು. ಆ ಲೆಕ್ಕ ಕೈಗೆ ಬಂದಮೇಲೆ ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡು. ಪ್ರೊಸೆಸರು ನಿಧಾನವಾದರೆ ಕಾರ್ಡು ಎಷ್ಟೇ ಗಟ್ಟಿಗನಾದರೂ ಕುಂಚ ಹಿಡಿದು ಕಾಯುತ್ತಾ ಕೂರಬೇಕು. ಇವರಿಬ್ಬರಲ್ಲಿ ಯಾರು ಯಾರಿಗೆ ಕಾಯುತ್ತಿದ್ದಾರೆ ಅಂತ ತಿಳಿಯಲು ದುಡ್ಡು ಬೇಕಿಲ್ಲ. ಆಟದ ರೆಸಲ್ಯೂಷನ್ ಇಳಿಸಿ ನೋಡಿದರೆ ಆಯಿತು. ಬರೆಯಬೇಕಾದ ಚಿತ್ರ ಚಿಕ್ಕದಾದಾಗ ಫ್ರೇಮುಗಳು ಜಾಸ್ತಿಯಾದರೆ ಅಷ್ಟು ಹೊತ್ತು ಒದ್ದಾಡುತ್ತಿದ್ದದ್ದು ಕಾರ್ಡು. ಆಗದಿದ್ದರೆ ಪ್ರೊಸೆಸರು.

ಪೂಜೆಯ ಮಾರನೇ ದಿನ ಹೊಸ ಪೇಸ್ಟು ಹಚ್ಚಿ, ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಂಡು ಪರೀಕ್ಷೆಗೆ ಕೂತೆ. ಧೂಳು ಹೊಡೆದದ್ದಕ್ಕೇ ಪ್ರೊಸೆಸರಿನ ಬಿಸಿ 90 ಡಿಗ್ರಿ ಹತ್ತಿರದಿಂದ 70ರ ಹತ್ತಿರಕ್ಕೆ ಇಳಿದಿತ್ತು. ಪುಕ್ಕಟೆ ಸಿಕ್ಕ ಅಪ್‌ಗ್ರೇಡು ಅದೊಂದೇ. 1080ಪಿಯಲ್ಲಿ ಸೆಕೆಂಡಿಗೆ ಎಪ್ಪತ್ತರ ಆಸುಪಾಸು ಫ್ರೇಮು, ಹೊಗೆಯಲ್ಲಿ ಮೂವತ್ತೈದು. 720ಪಿಗೆ ಇಳಿಸಿದೆ. ಮೂರೋ ನಾಲ್ಕೋ ಫ್ರೇಮು ಜಾಸ್ತಿಯಾಯಿತು, ಅಷ್ಟೇ. ಪ್ರೊಸೆಸರಿನ ನಾಲ್ಕೂ ಕೋರುಗಳು ನೂರಕ್ಕೆ ನೂರು ದುಡಿಯುತ್ತಿದ್ದವು, ಕಾರ್ಡು ಅರವತ್ತು ಪರ್ಸೆಂಟಿನಲ್ಲಿ ಆರಾಮಾಗಿತ್ತು. ಜೊತೆಗೆ 8 ಜಿಬಿ ರ‍್ಯಾಮು ತುಂಬಿ ಹೊರಗೆ ಚೆಲ್ಲುತ್ತಿತ್ತು. ಅದೂ ಒಂಟಿ ಕಡ್ಡಿ. ಇಂಥ ಬೋರ್ಡುಗಳಲ್ಲಿ ಎರಡು ಕಡ್ಡಿ ಹಾಕಿದರೆ ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ದಾರಿ ಎರಡರಷ್ಟು ಅಗಲವಾಗುತ್ತದೆ, ಸೆಕೆಂಡಿಗೆ 17 ಜಿಬಿ ಇದ್ದದ್ದು 34 ಆಗುತ್ತದೆ. 2016ರಲ್ಲಿ ಒಂದೇ ಕಡ್ಡಿ ಸಾಕು, ಮುಂದೆ ಇನ್ನೊಂದು ಹಾಕಿಸಿದರಾಯಿತು ಅಂದುಕೊಂಡವನು ಒಂಬತ್ತು ವರ್ಷ ಹಾಗೇ ಇದ್ದೆ.

ಸಾಫ್ಟ್‌ವೇರಿನವನ ಬುದ್ಧಿ, ಎಕ್ಸೆಲ್ ಶೀಟು ತೆರೆದೆ. ಸಾಲಾಗಿ ಬಿಡಿಭಾಗಗಳು, ಮುಂದೆ ಬೆಲೆ, ಅದರ ಮುಂದೆ ಎಷ್ಟು ಪ್ರಯೋಜನ. ಮೊದಲು ಇನ್ನೊಂದು 8 ಜಿಬಿ ರ‍್ಯಾಮ್. ಎರಡನೆಯದು ಪ್ರೊಸೆಸರು ಮತ್ತು ಬೋರ್ಡು: ರೈಜೆನ್ 5 5600 ತಗೊಂಡರೆ ಅದರ ಎಎಂ4 ಬೋರ್ಡಿಗೆ ನನ್ನ ಡಿಡಿಆರ್4 ರ‍್ಯಾಮೇ ಆಗುತ್ತದೆ, ವಿಂಡೋಸ್ 11ರ ತಲೆನೋವೂ ತೀರುತ್ತದೆ. ಮೂರನೆಯದು ಪವರ್ ಸಪ್ಲೈ. ಅದನ್ನು ಬದಲಾಯಿಸಿದೆ ಅಂತ ಯಾರೂ ಜಂಬ ಕೊಚ್ಚಿಕೊಳ್ಳುವುದಿಲ್ಲ, ಆದರೆ ಒಂಬತ್ತು ವರ್ಷದ ಸಪ್ಲೈ ಸಾಯುವಾಗ ಪಕ್ಕದವರನ್ನೂ ಕರೆದುಕೊಂಡು ಹೋಗಬಹುದು. ನಾಲ್ಕನೆಯದು ಮಾನಿಟರು, 60 ಹರ್ಟ್ಸಿನ ಪರದೆ ಇಟ್ಟುಕೊಂಡು ನೂರೈವತ್ತು ಫ್ರೇಮು ತೆಗೆದರೂ ಕಣ್ಣಿಗೆ ಪೂರ್ತಿ ಕಾಣುವುದು ಸೆಕೆಂಡಿಗೆ ಅರವತ್ತೇ. ಗ್ರಾಫಿಕ್ಸ್ ಕಾರ್ಡು ಎಲ್ಲಕ್ಕಿಂತ ಕೊನೆಗೆ.

ಎಲ್ಲ ಸರಿಯಾಗಿತ್ತು. ಕೊನೆಗೆ ಇನ್ನೊಂದು ಕಾಲಂ ಸೇರಿಸಿದೆ: "ತೆಗೆದ ಹಳೇದು ಏನಾಗುತ್ತೆ?" ಮಾರಿದರೆ ಎಷ್ಟು ವಾಪಸ್ಸು ಬರುತ್ತದೆ ಅಂತ ನೋಡಲಿಕ್ಕೆ. ರ‍್ಯಾಮಿನ ಮುಂದೆ "ಏನೂ ಇಲ್ಲ" ಅಂತ ಬರೆದೆ. ಪ್ರೊಸೆಸರು, ಬೋರ್ಡಿನ ಮುಂದೆ "ಓಎಲ್‌ಎಕ್ಸ್". ಕಾರ್ಡಿನ ಮುಂದೆ ಕೈ ತಾನಾಗೇ "ತಮ್ಮನಿಗೆ" ಅಂತ ಟೈಪ್ ಮಾಡಿತು.

ನಮ್ಮ ಮನೆಯಲ್ಲಿ ಹೊಸದು ಅನ್ನುವುದೆಲ್ಲ ನನ್ನ ಹೆಸರಿನಲ್ಲಿ ಬರುತ್ತಿತ್ತು, ನಾಲ್ಕು ವರ್ಷಕ್ಕೆ ಅವನಿಗೆ ಇಳಿಯುತ್ತಿತ್ತು. ಸ್ಕೂಲಿನ ಅಂಗಿ, ಚಡ್ಡಿ, ಸೈಕಲ್ಲು, ಕಂಪಾಸ್ ಬಾಕ್ಸು, ಗೈಡುಗಳು. ಎಲ್ಲರ ಮನೆಯಲ್ಲೂ ಹಾಗೇ, ಇದರಲ್ಲಿ ಹೇಳುವಂಥದ್ದೇನಿಲ್ಲ. ಆದರೆ 2010ರಲ್ಲಿ ಅಪ್ಪನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ನಾನು ಬಿ.ಇ. ಮೂರನೇ ವರ್ಷ, ಅವನು ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿದ್ದ. ಲೆಕ್ಕದಲ್ಲಿ ನನಗಿಂತ ಚುರುಕು. ಸಿಇಟಿಯ ದಿನ ಅವನು ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದ. ಮುಂದಿನ ವರ್ಷ ಬರೀತಾನೆ ಅಂತ ಎಲ್ಲರೂ ಅಂದೆವು. ನಾನೂ ಅಂದೆ. ಮುಂದಿನ ವರ್ಷ ನನಗೆ ಕೆಲಸ ಸಿಕ್ಕಿತು, ಅವನು ಟಿಲ್ಲರ್ ಓಡಿಸುವುದರಲ್ಲಿ ಪಳಗಿದ್ದ. ಅದರ ಬಗ್ಗೆ ನಾವಿಬ್ಬರೂ ಇವತ್ತಿನವರೆಗೂ ಕೂತು ಮಾತಾಡಿಲ್ಲ.

ಕಾಲೇಜಿನಲ್ಲಿ ನಾನಿಟ್ಟುಕೊಂಡಿದ್ದ ಕಂಪ್ಯೂಟರು 2016ರಲ್ಲಿ ಊರಿಗೆ ಹೋಯಿತು. 2020ರ ಲಾಕ್‌ಡೌನಿನಲ್ಲಿ ನಾನೂ ಎಂಟು ತಿಂಗಳು ಊರಿನಲ್ಲೇ ಇದ್ದೆ. ರಾತ್ರಿ ನಡುಮನೆಯಲ್ಲಿ ಎರಡು ಕಂಪ್ಯೂಟರು ಅಕ್ಕಪಕ್ಕ ಇಟ್ಟುಕೊಂಡು ಸಿಎಸ್‌ಗೋ ಆಡುತ್ತಿದ್ದೆವು. ಅವನ ಯಂತ್ರ ಸ್ಲೈಡ್ ಶೋ ಹಾಗೆ ಓಡುತ್ತಿದ್ದರೂ ನನಗಿಂತ ಹೆಚ್ಚು ಹೊಡೆಯುತ್ತಿದ್ದ. ನಾನು ಬೆಂಗಳೂರಿಗೆ ವಾಪಸ್ಸಾದ ಮೇಲೆ, 2021ರಲ್ಲಿ, ಊರಿಗೆ ಕೇಬಲ್‌ನವನು ಫೈಬರ್ ಎಳೆದ. ತಮ್ಮ ಯಾವುದೋ ಆಫೀಸಿನವರು ತೆಗೆದುಹಾಕಿದ್ದ ನಾಲ್ಕನೇ ತಲೆಮಾರಿನ ಐ5 ಟವರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದ. ಅದರಲ್ಲಿ ಕಾರ್ಡು ಇರಲಿಲ್ಲ, ಪ್ರೊಸೆಸರಿನ ಒಳಗೇ ಇರುವ ಸಣ್ಣ ಗ್ರಾಫಿಕ್ಸಿನಲ್ಲಿ ಸಿಎಸ್‌ಗೋ ಹೇಗೋ ಓಡುತ್ತಿತ್ತು.

ಆ ಎರಡು ವರ್ಷ ನಾವು ಮಾತಾಡಿದಷ್ಟು ಯಾವತ್ತೂ ಮಾತಾಡಿಲ್ಲ. ರಾತ್ರಿ ಒಂಬತ್ತೂವರೆಗೆ ಹೆಡ್‌ಫೋನ್ ಹಾಕಿಕೊಂಡರೆ ಹನ್ನೊಂದು. ಮಾತೆಲ್ಲ ಒಂದು ರೌಂಡಿಗೂ ಇನ್ನೊಂದಕ್ಕೂ ನಡುವೆ. ಒಂದು ದಿನ ಎದುರಾಳಿಗಳು ಬಾಂಬು ಇಟ್ಟಿದ್ದರು. ಅದು ಸಿಡಿಯಲು 40 ಸೆಕೆಂಡು. ಅವನು ಗೋಡೆಗೆ ಒರಗಿ ಕಾಯುತ್ತಾ ಅಂದ, "ಅರಸೀಕೆರೆ ಕಡೇದು ಆ ಹೆಣ್ಣಿತ್ತಲ್ಲ, ಅವ್ರು ಬ್ಯಾಡ ಅಂದ್ರು ಕಣಣ್ಣ. ಬೆಂಗಳೂರಲ್ಲಿರೋನೇ ಬೇಕಂತೆ. ಎಡಗಡೆ ನೋಡ್ಕೋ, ಬರ್ತಾವ್ನೆ." ನಾನು ಎಡಗಡೆ ನೋಡಿದೆ, ಹೊಡೆದೆ, ಬಾಂಬು ನಿಷ್ಕ್ರಿಯ ಮಾಡಿದೆವು. ಎದುರಿಗೆ ಕೂತಿದ್ದರೆ ಅವನು ಅದನ್ನು ಹೇಳುತ್ತಲೂ ಇರಲಿಲ್ಲ, ನನಗೆ ಕೇಳಿಸಿಕೊಳ್ಳಲೂ ಬರುತ್ತಿರಲಿಲ್ಲ.

ಸಿಎಸ್2 ಬಂದ ರಾತ್ರಿ ಅವನ ಯಂತ್ರದಲ್ಲಿ ಇಪ್ಪತ್ತು ಫ್ರೇಮು ಬಂತು. ಎರಡು ದಿನ ಒದ್ದಾಡಿ, "ನಂದ್ರಲ್ಲಿ ಓಡಲ್ಲ ಕಣಣ್ಣ, ನೀನು ಆಡು" ಅಂದ. ಹೊಸ ಕಾರ್ಡು ಕಳಿಸ್ತೀನಿ ಅಂದೆ. ಆ ವರ್ಷ ಕೊಬ್ಬರಿ ರೇಟು ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ತಿಪಟೂರಿನಲ್ಲಿ ರೈತರು ಧರಣಿ ಕೂತಿದ್ದರು. ಅವನ ದನಿ ಸ್ವಲ್ಪ ಗಡುಸಾಯಿತು. "ಹೊಸದೆಲ್ಲ ಬ್ಯಾಡ. ನಿಂದು ಹಳೇದಾದ್ರೆ ಕೊಡು."

ಸಂಕೋಚ ಅಂದುಕೊಂಡೆ ಆಗ. ಆಮೇಲೆ ಯೋಚಿಸಿದಾಗ ಅದಷ್ಟೇ ಅಲ್ಲ ಅನ್ನಿಸಿತು. ಹೊಸ ವಸ್ತುವಿಗೆ ಬಿಲ್ಲಿರುತ್ತದೆ. ಅಣ್ಣನ ಹಳೇ ಅಂಗಿಗೆ ಬಿಲ್ಲು ಇಟ್ಟವರು ಯಾರೂ ಇಲ್ಲ. ಅದನ್ನು ಇಸ್ಕೊಂಡರೆ ಯಾರ ಋಣವೂ ಇಲ್ಲ. ಸಿಟ್ಟು ಇದ್ದರೂ ಇಸ್ಕೊಳ್ಳಬಹುದು.

ಆಟ ನಿಂತಮೇಲೆ ಫೋನೇನೂ ನಿಲ್ಲಲಿಲ್ಲ. ಅಪ್ಪನ ಮಾತ್ರೆ, ಡಾಕ್ಟರ ಡೇಟು, ಜಮೀನಿನ ಖಾತೆ, ಎಷ್ಟು ದುಡ್ಡು ಹಾಕಿದೆ, ಬಂತಾ. ಮೂರು ನಿಮಿಷಕ್ಕೆ "ಸರಿ ಇಡ್ಲಾ?" ಅಂತ ಯಾರಾದರೊಬ್ಬರು ಅನ್ನುತ್ತಿದ್ದೆವು. ನಾನು ಒಬ್ಬನೇ ಕೆಲವು ದಿನ ಆಡಿ ಬಿಟ್ಟೆ.

ಎಕ್ಸೆಲ್ ಶೀಟಿನ ಮುಂದೆ ಕೂತಾಗ ಇದೆಲ್ಲ ತಲೆಗೆ ಬಂತು. ಎರಡು ವರ್ಷದಿಂದ ಅವನಿಗೆ ಬೇಕಾಗಿದ್ದ ಕಾರ್ಡು ನನ್ನ ಕ್ಯಾಬಿನೆಟ್ಟಿನೊಳಗೆ ಅರವತ್ತು ಪರ್ಸೆಂಟ್ ಕೆಲಸ ಮಾಡಿಕೊಂಡು ಕೂತಿತ್ತು. 1050 ಟಿಐಗೆ ಬೇರೆ ಪವರ್ ಕೇಬಲ್ ಬೇಡ. ಸ್ಲಾಟಿನಿಂದ ಸಿಗುವ 75 ವಾಟಿನಲ್ಲೇ ನಡೆಯುತ್ತದೆ. ಆಫೀಸಿನ ಹಳೇ ಟವರುಗಳಿಗೆ ಹೇಳಿ ಮಾಡಿಸಿದ ಹಾಗಿರುವ ಕಾರ್ಡು. ನನ್ನ ರ‍್ಯಾಮು ಅವನಿಗೆ ಆಗುವುದಿಲ್ಲ, ಅವನದು ಡಿಡಿಆರ್3, ಗಾಡಿಯೇ ಬೇರೆ. ನನ್ನ ಪ್ರೊಸೆಸರು ಅವನ ಸಾಕೆಟ್ಟಿನಲ್ಲಿ ಕೂರುವುದಿಲ್ಲ. ನನ್ನ ಇಡೀ ಯಂತ್ರದಲ್ಲಿ ಅವನಿಗೆ ಆಗಿಬರುವ ಒಂದೇ ಭಾಗ, ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೊನೆಗಿತ್ತು.

ಆ ಶನಿವಾರ ಎಸ್ಪಿ ರೋಡಿಗೆ ಹೋದೆ. ಆರ್‌ಎಕ್ಸ್ 6600 ಕೇಳಿದೆ. ಅಂಗಡಿಯ ಹುಡುಗ ಬಲು ಚುರುಕು. "ಪ್ರೊಸೆಸರ್ ಯಾವ್ದು ಸರ್?" ಅಂದ. ಹೇಳಿದೆ. "ಸಿಕ್ಸ್ತ್ ಜೆನ್ನಾ? ವೇಸ್ಟ್ ಸರ್. ಪರ್ಫಾರ್ಮೆನ್ಸ್ ಏನೂ ಸಿಗಲ್ಲ. ಮೊದ್ಲು ಬೋರ್ಡು, ಪ್ರೊಸೆಸರ್ ಮಾಡ್ಸಿ."

"ಗೊತ್ತು," ಅಂದೆ.

ಅವನು ನನ್ನನ್ನೊಮ್ಮೆ ನೋಡಿ ಕಾರ್ಡು ತರಲು ಒಳಗೆ ಹೋದ. ಇಂಟೆಲ್‌ನವರ ಆರ್ಕ್ ಬಿ580 ಅದಕ್ಕಿಂತ ಶಕ್ತಿಶಾಲಿ, ಆದರೆ ರೀಸೈಜಬಲ್ ಬಾರ್ ಇಲ್ಲದ ಹಳೇ ಬೋರ್ಡುಗಳಲ್ಲಿ ಅದು ಮುಗ್ಗರಿಸುತ್ತದೆ. ಹಳೇ ಯಂತ್ರ ಇಟ್ಟುಕೊಂಡಿರುವವರು ಆ ಕಾರ್ಡಿನ ಬೆಲೆ ನೋಡಿ ಮರುಳಾಗುವುದು ಬೇಡ. 6600ಗೆ 132 ವಾಟು ಸಾಕು, ಒಂದು ಎಂಟು ಪಿನ್ನಿನ ಕೇಬಲ್ಲು, ನನ್ನ ಸಪ್ಲೈಯಲ್ಲಿ ಇತ್ತು. ಇಪ್ಪತ್ತು ಸಾವಿರ ಚಿಲ್ಲರೆ.

ಮನೆಗೆ ಬಂದು ಹಾಕಿ ಆಡಿ ನೋಡಿದೆ. ಎಪ್ಪತ್ತು ಫ್ರೇಮು. ಹೊಗೆಯಲ್ಲಿ ಮೂವತ್ತೈದು. ಕಾರ್ಡು ಮೂವತ್ತು ಪರ್ಸೆಂಟಿನಲ್ಲಿ ಆಕಳಿಸುತ್ತಿತ್ತು. ನನ್ನ ಲೆಕ್ಕ ಕರಾರುವಾಕ್ಕಾಗಿತ್ತು ಅನ್ನುವುದೊಂದೇ ಸಮಾಧಾನ.

"ಎಷ್ಟು ಸ್ಪೀಡಾಯ್ತು?" ಹೆಂಡತಿ ಕೇಳಿದಳು.

"ಏನೂ ಆಗಿಲ್ಲ."

"ಮತ್ತೆ ಇಪ್ಪತ್ತು ಸಾವಿರ?"

ಹೇಳಿದೆ, ಎಲ್ಲವನ್ನೂ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಎರಡು ವರ್ಷದ ಹಿಂದೆ ಮಾಡೋಕೇನಾಗಿತ್ತು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ದೀಪಾವಳಿಗೆ ಹಳೇ ಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿ, ಅದನ್ನು ಮಗಳ ಶೂ ಡಬ್ಬಿಯಲ್ಲಿಟ್ಟು ಊರಿಗೆ ಹೋದೆ. ತಮ್ಮ ಡಬ್ಬಿ ಬಿಚ್ಚಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ.

"ನಿಂಗೆ?"

"ನಾನು ಹೊಸದು ಹಾಕಿಸ್ಕೊಂಡೆ."

"ನಿಂದ್ರಲ್ಲಿ ಪ್ರೊಸೆಸರ್ ಅಲ್ವಾ ಮೊದ್ಲು ಬದ್ಲಾಯ್ಸ್ಬೇಕಿದ್ದಿದ್ದು? ನಾಲ್ಕೇ ಕೋರು."

ಲೆಕ್ಕದಲ್ಲಿ ಚುರುಕು ಅಂತ ಆಗಲೇ ಹೇಳಿದೆನಲ್ಲ. "ಕಾರ್ಡಿಗೆ ಆಫರ್ ಇತ್ತು ಕಣೋ," ಅಂದೆ.

"ಹ್ಞೂಂ," ಅಂದ. ಇನ್ನೇನೂ ಕೇಳಲಿಲ್ಲ.

ಟವರ್ ಬಿಚ್ಚಿ ಕಾರ್ಡು ಕೂರಿಸಿದೆವು. ಸರಿಯಾಗಿ ಕೂತಿತು. ಇನ್ನು ಮಾನಿಟರಿನ ಕೇಬಲ್ ಸಿಕ್ಕಿಸೋಣ ಅಂತ ನೋಡಿದರೆ ಇಬ್ಬರೂ ಹಾಗೇ ನಿಂತೆವು. ಅವನ ಮಾನಿಟರು ಹಳೇದು, ನೀಲಿ ಬಣ್ಣದ ವಿಜಿಎ ಕೇಬಲ್ಲಿನದು. 1050 ಟಿಐಗೆ ವಿಜಿಎ ಇಲ್ಲವೇ ಇಲ್ಲ. ಆ ತಲೆಮಾರಿನಿಂದ ಎನ್ವಿಡಿಯಾದವರು ಅದನ್ನು ಕೈಬಿಟ್ಟಿದ್ದರು. ವಾಟು, ಸ್ಲಾಟು, ಸಾಕೆಟ್ಟು ಎಲ್ಲ ಲೆಕ್ಕ ಹಾಕಿ ಶೀಟು ಮಾಡಿದ ಬಿ.ಇ. ಪದವೀಧರನಿಗೆ ಕೇಬಲ್ಲು ಮರೆತಿತ್ತು. ಮುನ್ನೂರು ರೂಪಾಯಿಯ ಅಡಾಪ್ಟರಿಗೆ ತಿಪಟೂರಿಗೆ ಹೋಗಬೇಕು. ಹಬ್ಬದ ದಿನ ಅಂಗಡಿ ಯಾರು ತೆಗೆದಿರುತ್ತಾರೆ?

ನಾನು ತಲೆ ಕೆರೆದುಕೊಳ್ಳುತ್ತಿರುವಾಗ ತಮ್ಮ ಟವರನ್ನು ಎತ್ತಿ ಕಂಕುಳಿಗೆ ಹಾಕಿಕೊಂಡು ನಡುಮನೆಗೆ ನಡೆದ. ಟಿವಿಗೆ ಎಚ್‌ಡಿಎಂಐ ಇತ್ತು. ಸೆಟ್‌ಟಾಪ್ ಬಾಕ್ಸಿನ ವೈರು ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿದ. ಸೀರಿಯಲ್ಲು ನೋಡುತ್ತಿದ್ದ ಅಮ್ಮ, "ಏನ್ರೋ ನಿಮ್ದು, ಹಬ್ಬದ ದಿನಾನೂ ಗುಂಡು ಹೊಡೆಯೋದೇನಾ?" ಅಂದರೂ ಎದ್ದು ಹೋಗಲಿಲ್ಲ. ಅಪ್ಪ ಮಂಚದ ಮೇಲೆ ಒರಗಿ ನೋಡುತ್ತಿದ್ದರು. ಎಂಬತ್ತು ಫ್ರೇಮು ಬಂತು, ನನ್ನದಕ್ಕಿಂತ ಹತ್ತು ಹೆಚ್ಚು. ಅವನಿಗೆ ಎರಡು ಕಡ್ಡಿ ರ‍್ಯಾಮ್ ಇತ್ತಲ್ಲ.

ಕರೆಂಟು ಹೋದಾಗೆಲ್ಲ ಕಂಪ್ಯೂಟರು ಆಫ್ ಆಗುತ್ತದೆ, ಇನ್ವರ್ಟರು ಇದ್ದರೂ ಅಷ್ಟೇ ಅಂತ ಅವನದೊಂದು ದೂರಿತ್ತು. ಇನ್ವರ್ಟರಿನ ಹಿಂದೆ ಹೋಗಿ ನೋಡಿದೆ. ಒಂದು ಪುಟ್ಟ ಸ್ವಿಚ್ಚು, ಒಂದು ಕಡೆ ಇಕೋ, ಇನ್ನೊಂದು ಕಡೆ ಯುಪಿಎಸ್. ಇಕೋದಲ್ಲಿತ್ತು, ಬ್ಯಾಟರಿಗೆ ಬದಲಾಗುವಾಗ ಕಂಪ್ಯೂಟರು ತಡೆಯಲಾರದಷ್ಟು ಹೊತ್ತು ತಗೊಳ್ಳುತ್ತಿತ್ತು. ಆ ಕಡೆಯಿಂದ ಈ ಕಡೆಗೆ ತಳ್ಳಿದೆ. ನನ್ನ ಪ್ರವಾಸದ ಅತ್ಯಂತ ಉಪಯುಕ್ತ ಕೆಲಸ ಅದೇ ಇರಬೇಕು.

ಸಂಜೆ ತೋಟಕ್ಕೆ ಕರೆದುಕೊಂಡು ಹೋದ. ಈ ಸಲ ಕೊಬ್ಬರಿಗೆ ಹಿಂದೆಂದೂ ಕಾಣದ ರೇಟು ಬಂದಿತ್ತು. ಆ ದುಡ್ಡಿನಲ್ಲಿ ಅರ್ಧ ತೋಟಕ್ಕೆ ಡ್ರಿಪ್ ಎಳೆಸಿದ್ದ. ಮೋಟರು ಅದೇ ಹಳೇ ಐದು ಎಚ್‌ಪಿ. ಅವನ ಹತ್ತಿರ ಈಗ ಹೊಸ ಕಾರ್ಡಿಗೂ ದುಡ್ಡಿತ್ತು, ಹೊಸ ಕಂಪ್ಯೂಟರಿಗೂ ಇತ್ತು. ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಹೊರಡುವ ದಿನ ಕಾರಿನ ಡಿಕ್ಕಿ ತೆಗೆದರೆ ಮೂರು ಚೀಲ ತೆಂಗಿನಕಾಯಿ. ಯಾವಾಗಲೂ ಒಂದು ಚೀಲ ಹಾಕುತ್ತಿದ್ದ.

"ಇಷ್ಟು ಯಾಕೋ? ಇರೋದು ಮೂರು ಜನ."

"ಇರ್ಲಿ. ಆಫರ್ ಇತ್ತು," ಅಂದ, ನನ್ನ ಮುಖ ನೋಡದೆ.

ಅಡಾಪ್ಟರು ಅವನೇ ತಂದು ಹಾಕಿಕೊಂಡ. ನನ್ನ ಎರಡನೇ ಕಡ್ಡಿ ರ‍್ಯಾಮು ಮಾತ್ರ ಇನ್ನೂ ಬಂದಿಲ್ಲ. ಹಬ್ಬ ಕಳೆಯಲಿ ಅಂತ ಬಿಟ್ಟೆ, ಅಷ್ಟರಲ್ಲಿ ರ‍್ಯಾಮಿನ ಬೆಲೆ ಚಿನ್ನದ ಹಿಂದೆ ಓಡಲು ಶುರು ಮಾಡಿತು. ಎಐ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿವೆಯಂತೆ. ಬೆಳಗ್ಗೆಯಿಂದ ಸಂಜೆವರೆಗೆ ಆಫೀಸಿನಲ್ಲಿ ಅದೇ ಎಐ ಕೆಲಸ ಮಾಡುವ ನಾನು ಯಾರನ್ನು ಬೈಯಲಿ? ರೈಜೆನ್ನು ಮುಂದಿನ ಬೋನಸ್ಸಿಗೆ. ಅಲ್ಲಿಯವರೆಗೆ ನನ್ನ 6600 ಆಕಳಿಸುತ್ತಾ ಇರಲಿ.

ಈಗ ಮತ್ತೆ ರಾತ್ರಿ ಒಂಬತ್ತೂವರೆಗೆ ಹೆಡ್‌ಫೋನು. ಅವನು ಇನ್ನೂ ನನಗಿಂತ ಚೆನ್ನಾಗಿ ಹೊಡೆಯುತ್ತಾನೆ. ಹೋದ ವಾರ ಒಂದು ಮ್ಯಾಚು, ಹನ್ನೊಂದು-ಹನ್ನೊಂದರಲ್ಲಿ ನಿಂತಿತ್ತು. ಇನ್ನೆರಡು ರೌಂಡು ಗೆದ್ದರೆ ಆಯಿತು. ಅಷ್ಟರಲ್ಲಿ ಅವನ ಕಡೆಯಿಂದ ಕುರ್ಚಿ ಸರಿದ ಸದ್ದು.

"ಅಣ್ಣ, ತ್ರೀ ಫೇಸ್ ಬಂತು. ಮೋಟ್ರು ಹಾಕ್ಬುಟ್ಟು ಬತ್ತೀನಿ."

"ಲೇ, ಎರಡೇ ರೌಂಡು ಕಣೋ!"

ಹೋಗಿಯೇಬಿಟ್ಟ. ಪರದೆಯ ಮೇಲೆ ಅವನ ಆಟಗಾರ ಬಂದೂಕು ಹಿಡಿದು ಗೋಡೆಗೆ ಮುಖ ಮಾಡಿ ನಿಂತಿದ್ದ. ನಮ್ಮ ತಂಡದ ಇನ್ಯಾರೋ ಹುಡುಗ ಹಿಂದಿಯಲ್ಲಿ ಬೈಯಲು ಶುರು ಮಾಡಿದ. ಅವನನ್ನು ಮ್ಯೂಟ್ ಮಾಡಿದೆ. ತಮ್ಮನ ಮೈಕು ಆನ್ ಇತ್ತು. ಬಾಗಿಲ ಚಿಲಕ ತೆಗೆದದ್ದು ಕೇಳಿಸಿತು. "ಟಾರ್ಚ್ ತಗೊಂಡ್ಯೇನೋ?" ಅಂತ ಅಮ್ಮ ಒಳಗಿನಿಂದ ಕೂಗಿದ್ದು, ನಾಯಿ ಒಂದೆರಡು ಸಲ ಬೊಗಳಿ ಸುಮ್ಮನಾದದ್ದು. ಆಮೇಲೆ ಬರೀ ಜೀರುಂಡೆ. ನಾನು ಅವನ ಆಟಗಾರನ ಮುಂದೆ ಹೋಗಿ, ಬಾಗಿಲ ಕಡೆಗೆ ಗುರಿಯಿಟ್ಟು ನಿಂತುಕೊಂಡೆ.